ಸಂಘದ ತಿಂಗಳ ಪತ್ರಕ್ಕೆ ವಿಷಯ ಸಂಗ್ರಹ

(ಒಬ್ಬ ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.)

ನಮ್ಮ ನಾಡಿನ ಕೆಲವು ಸಹಕಾರ ಸಂಘಗಳೂ, ರೈತ ಉತ್ಪಾದಕ ಕಂಪನಿಗಳೂ, ಬೀಜ ಗೊಬ್ಬರಗಳನ್ನು ಮಾರುವ ಅಂಗಡಿಗಳೂ ತಮ್ಮ ಸದಸ್ಯರಿಗೆ ಮತ್ತು ಗಿರಾಕಿಗಳಿಗೆ ತಿಂಗಳಿಗೊಂದು ಪತ್ರವನ್ನು ಕಳುಹಿಸುವ ಪದ್ಧತಿಯನ್ನು ಇಟ್ಟುಕೊಂಡಿರುತ್ತವೆ. ಕೆಲವರು ಇದನ್ನು ಅಚ್ಚು ಹಾಕಿಸಿ ಹಂಚುವರು. ಕೆಲವರು ಮೊಬೈಲ್ ಫೋನಿನ ಮೂಲಕ ಮುಟ್ಟಿಸುವರು. ಹೇಗೆ ಮುಟ್ಟಿಸಿದರೂ ಉದ್ದೇಶವು ಒಂದೇ. ಕೇಂದ್ರ ಸರ್ಕಾರದವರು ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಸ್ಥಾಪಿಸುವ ಯೋಜನೆಯನ್ನು ೨೦೨೦ನೆಯ ಇಸವಿಯಲ್ಲಿ ಆರಂಭಿಸಿದ ಮೇಲೆ ಇಂಥ ಪತ್ರಗಳ ಅಗತ್ಯವು ಹೆಚ್ಚಿದೆಯೆಂದು ಹೇಳಬಹುದು. ಏಕೆಂದರೆ ಮುನ್ನೂರು ನಾನೂರು ಮಂದಿ ಸದಸ್ಯರು ಹತ್ತಾರು ಹಳ್ಳಿಗಳಲ್ಲಿ ಚದರಿಕೊಂಡಿರುವಾಗ ಅವರೆಲ್ಲರಿಗೂ ಒಂದೇ ಸಮಯದಲ್ಲಿ ಒಂದು ಮಾತನ್ನು ತಿಳಿಯಪಡಿಸುವುದಕ್ಕೆ ಇದಕ್ಕಿಂತ ಸುಲಭವಾದ ಸಾಧನವಿಲ್ಲ.

ಆದರೆ ಈ ಪತ್ರಗಳಲ್ಲಿ ಹೆಚ್ಚಿನವು ನಾಲ್ಕಾರು ತಿಂಗಳು ನಡೆದು ನಿಂತುಹೋಗುವುದನ್ನು ನಾವು ನೋಡುತ್ತಿದ್ದೇವೆ. ಹಣದ ಕೊರತೆಯು ಇದಕ್ಕೆ ಕಾರಣವಾಗುವುದು ಅಪರೂಪ. ನಡೆಸತಕ್ಕವರನ್ನು ಕೇಳಿದರೆ, "ಬರೆಯುವುದಕ್ಕೆ ವಿಷಯವೇ ತೋಚುವುದಿಲ್ಲ" ಎನ್ನುವರು. ಗ್ರಾಮಗಳ ಮುಖಂಡರೂ ದೊಡ್ಡ ಹಿಡುವಳಿದಾರರೂ ಆದ ವಾಚಕರಲ್ಲಿ ಅನೇಕರು ಇಂಥ ಸಂಘಗಳ ಆಡಳಿತ ಮಂಡಳಿಯಲ್ಲಿ ಇರುವರಾದ ಕಾರಣ, ವಿಷಯಗಳು ಎಲ್ಲಿ ದೊರೆಯುವುವು, ಅವುಗಳನ್ನು ಕೂಡಿಸಿಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

೧. ಪತ್ರವು ಯಾರ ಸಲುವಾಗಿ?

ಮೊದಲು ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಸಂಘದ ವಾರ್ಷಿಕೋತ್ಸವ, ಅಧ್ಯಕ್ಷರ ಸನ್ಮಾನ, ಹೊಸದಾಗಿ ಬಂದ ದಾಸ್ತಾನಿನ ಹೊಗಳಿಕೆ, ಇವುಗಳಿಂದಲೇ ಪುಟಗಳನ್ನು ತುಂಬಿದರೆ ಓದುವವನಿಗೆ ಪ್ರಯೋಜನವಿಲ್ಲ. ಮೂರನೆಯ ತಿಂಗಳಿಗೆ ಬರೆಯುವವನಿಗೂ ಸಾಮಗ್ರಿಯು ಮುಗಿದುಹೋಗುವುದು. ತನ್ನನ್ನು ಕುರಿತು ಹೇಳಿಕೊಳ್ಳತಕ್ಕ ಮಾತು ಯಾವ ಸಂಸ್ಥೆಗಾದರೂ ಸ್ವಲ್ಪವೇ ಇರುವುದು. ರೈತನ ಕೆಲಸವನ್ನು ಕುರಿತ ಮಾತಾದರೋ ವರ್ಷವರ್ಷವೂ ಹೊಸದಾಗಿ ಹುಟ್ಟುತ್ತಿರುವುದು.

ಇದಕ್ಕೆ ಅಮೆರಿಕಾ ದೇಶದ ಒಂದು ಉದಾಹರಣೆಯುಂಟು. ಜಾನ್ ಡಿಯರ್ ಎಂಬ ಕಮ್ಮಾರನು ೧೮೩೭ರಲ್ಲಿ ಉಕ್ಕಿನ ನೇಗಿಲನ್ನು ಮಾಡಿ ಪ್ರಸಿದ್ಧನಾದನು. ಅವನ ಕಾಲಾನಂತರ, ೧೮೯೫ರಲ್ಲಿ, ಅವನ ಹೆಸರಿನ ಕಂಪನಿಯವರು 'ದಿ ಫರೋ' ಎಂಬ ಪತ್ರಿಕೆಯನ್ನು ಆರಂಭಿಸಿದರು. ಈ ಹೆಸರಿಗೆ ನೇಗಿಲ ಸಾಲು ಎಂದು ಅರ್ಥ. ನೇಗಿಲು ಮಾರುವವರು ಹೊರಡಿಸಿದ ಪತ್ರಿಕೆಯಾದರೂ ಅದರ ಹೆಚ್ಚಿನ ಭಾಗವು ಬೇಸಾಯದ ಸಂಗತಿಗಳಿಗೇ ಮೀಸಲಾಯಿತು. ನೂರು ವರ್ಷಗಳಿಗೂ ಮೀರಿ ಅದು ಬಾಳಿಬಂದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

೨. ಪ್ರಶ್ನೆಗಳ ವಹಿ

ವಿಷಯಗಳ ಮೊದಲನೆಯ ಮೂಲವು ಸಂಘದ ಬಾಗಿಲಲ್ಲಿಯೇ ಇದೆ. ನನ್ನ ವಲಯದ ಒಂದು ಸಂಘದವರು ಐದು ತಿಂಗಳು ಪತ್ರವನ್ನು ನಡೆಸಿ ನಿಲ್ಲಿಸಿಬಿಟ್ಟಿದ್ದರು. ಒಂದು ಸಂತೆಯ ದಿನ ನಾನು ಅಲ್ಲಿಗೆ ತನಿಖೆಗೆ ಹೋಗಿದ್ದಾಗ ಕಾರಣವನ್ನು ವಿಚಾರಿಸಲಾಗಿ ಕಾರ್ಯದರ್ಶಿಗಳು, "ಏನು ಬರೆಯೋಣ ಸ್ವಾಮಿ, ನಮ್ಮ ಹಳ್ಳಿಯಲ್ಲಿ ಹೊಸ ಸಂಗತಿ ಏನಿದೆ?" ಎಂದರು. ಅವರು ಹೀಗೆ ಹೇಳುತ್ತಿರುವಾಗಲೇ ಒಬ್ಬ ರೈತರು ಬಂದು, ಮನೆಯಲ್ಲಿ ಇಟ್ಟಿದ್ದ ರಾಗಿ ಬೀಜವು ಮೊಳೆಯುವುದೋ ಇಲ್ಲವೋ ತಿಳಿಯುವ ಬಗೆ ಯಾವುದೆಂದು ಗುಮಾಸ್ತರನ್ನು ಕೇಳಿದರು. ಇನ್ನೊಬ್ಬರು ಯೂರಿಯಾ ಚೀಲಕ್ಕೂ ಡಿ.ಎ.ಪಿ. ಚೀಲಕ್ಕೂ ಸತ್ವದಲ್ಲಿ ಏನು ವ್ಯತ್ಯಾಸವೆಂದು ಕೇಳಿದರು. ಮತ್ತೊಬ್ಬರು ತಮ್ಮ ಮಣ್ಣು ಪರೀಕ್ಷೆಯ ಕಾರ್ಡನ್ನು ಮುಂದಿಟ್ಟು, "ಇದರಲ್ಲಿ ಬರೆದಿರುವುದೇನು, ಸ್ವಲ್ಪ ಓದಿ ಹೇಳಿ ಸ್ವಾಮಿ" ಎಂದರು. ಗುಮಾಸ್ತರು ಎಲ್ಲರಿಗೂ ತಕ್ಕ ಉತ್ತರವನ್ನೇ ಕೊಟ್ಟರು. ಆದರೆ ಆ ಉತ್ತರವು ಕೇಳಿದವರೊಬ್ಬರಿಗೆ ಮಾತ್ರ ದೊರೆಯಿತು. ಅದೇ ವರ್ಷ ಆ ಸುತ್ತಿನ ಕೆಲವು ಸದಸ್ಯರು ಬೀಜವನ್ನು ಪರೀಕ್ಷಿಸದೆ ಬಿತ್ತಿ, ಪೈರು ಅಲ್ಲಲ್ಲಿ ಮಾತ್ರ ಹುಟ್ಟಿದ್ದರಿಂದ ಎರಡನೆಯ ಸಲ ಬಿತ್ತಬೇಕಾಯಿತು. ಬೀಜವೂ ಕೂಲಿಯೂ ಹೋದುದಲ್ಲದೆ ಹದವಾದ ಮಳೆಯೂ ಕೈತಪ್ಪಿತು. ಗುಮಾಸ್ತರ ಬಾಯಲ್ಲಿದ್ದ ನಾಲ್ಕು ಸಾಲು ಪತ್ರದಲ್ಲಿ ಇದ್ದಿದ್ದರೆ ಈ ನಷ್ಟವು ತಪ್ಪುತ್ತಿತ್ತು.

ಆದುದರಿಂದ ಪ್ರತಿಯೊಂದು ಸಂಘದಲ್ಲಿಯೂ ಒಂದು ಪ್ರಶ್ನೆಗಳ ವಹಿಯನ್ನು ಇಡತಕ್ಕದ್ದು. ಅದರಲ್ಲಿ ತಾರೀಖು, ಗ್ರಾಮ, ಬೆಳೆ, ಪ್ರಶ್ನೆ, ಕೊಟ್ಟ ಉತ್ತರ ಎಂದು ಐದು ಕಲಮುಗಳಿದ್ದರೆ ಸಾಕು. ಪ್ರಶ್ನೆಯನ್ನು ರೈತನ ಮಾತಿನಲ್ಲಿಯೇ ಬರೆಯಬೇಕು. ತಿದ್ದಿ ಪಂಡಿತರ ಭಾಷೆಗೆ ತಿರುಗಿಸಬಾರದು. ತಿಂಗಳ ಕೊನೆಯಲ್ಲಿ ವಹಿಯನ್ನು ನೋಡಿ, ಯಾವ ಪ್ರಶ್ನೆಯು ಮೂರು ನಾಲ್ಕು ಸಲ ಬಂದಿರುವುದೋ ಅದನ್ನೇ ಮುಂದಿನ ಪತ್ರದ ಮುಖ್ಯ ವಿಷಯವಾಗಿ ಆರಿಸಿಕೊಳ್ಳಬೇಕು.

ಮೇಲೆ ಹೇಳಿದ ಮೂರು ಪ್ರಶ್ನೆಗಳಿಂದ ಮೂರು ತಿಂಗಳ ಪತ್ರಗಳು ಹೇಗೆ ಸಿದ್ಧವಾಗುವುವೆಂಬುದನ್ನು ನೋಡಿರಿ.

(ಅ) ಬೀಜದ ಪರೀಕ್ಷೆ: ಚೀಲದ ಮೇಲುಭಾಗ, ನಡು, ತಳ ಈ ಮೂರು ಕಡೆಗಳಿಂದಲೂ ಬೀಜವನ್ನು ತೆಗೆದು ಬೆರೆಸಿ, ಆರಿಸದೆ ನೂರು ಕಾಳುಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಹರಡಿ ಸುತ್ತಿ ನೆರಳಿನಲ್ಲಿಟ್ಟು, ಬಟ್ಟೆಯು ಒಣಗದಂತೆ ನೋಡಿಕೊಂಡು, ಮೊಳೆತವುಗಳನ್ನು ಎಣಿಸತಕ್ಕದ್ದು. ಪ್ರಮಾಣಿತ ಬೀಜಕ್ಕೆ ಗೊತ್ತುಮಾಡಿರುವ ಕನಿಷ್ಠ ಮೊಳಕೆಯು ನೂರಕ್ಕೆ ರಾಗಿಯಲ್ಲಿ ೭೫, ಬತ್ತದಲ್ಲಿ ೮೦. ಇದಕ್ಕೆ ಕಡಮೆಯಾದರೆ ಬೇರೆ ಬೀಜವನ್ನು ಹುಡುಕುವುದು ಲೇಸು.

(ಆ) ಗೊಬ್ಬರದ ಸತ್ವ: ೪೫ ಕಿಲೋ ಯೂರಿಯಾ ಚೀಲದಲ್ಲಿ ನೂರಕ್ಕೆ ೪೬ರಂತೆ ೨೦ ಕಿಲೋ ೭೦೦ ಗ್ರಾಂ ಸಾರಜನಕವಿರುವುದು, ರಂಜಕವೂ ಪೊಟ್ಯಾಷೂ ಇಲ್ಲ. ೫೦ ಕಿಲೋ ಡಿ.ಎ.ಪಿ. ಚೀಲದಲ್ಲಿ ೯ ಕಿಲೋ ಸಾರಜನಕವೂ ೨೩ ಕಿಲೋ ರಂಜಕವೂ ಇರುವುವು; ಪೊಟ್ಯಾಷು ಇದರಲ್ಲಿಯೂ ಇಲ್ಲ. ಇಷ್ಟನ್ನು ಒಂದು ಪಟ್ಟಿಯಾಗಿ ಅಚ್ಚು ಮಾಡಿದರೆ ಸದಸ್ಯರು ಅದನ್ನು ಗೋಡೆಗೆ ಅಂಟಿಸಿಕೊಳ್ಳುವರು.

(ಇ) ಮಣ್ಣಿನ ಕಾರ್ಡು: ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನ ಯೋಜನೆಯಲ್ಲಿ ಹನ್ನೆರಡು ಅಂಶಗಳನ್ನು ಪರೀಕ್ಷಿಸಿ ಬರೆಯುವ ಏರ್ಪಾಡಾಯಿತು. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷು, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸು, ಬೋರಾನು ಎಂಬುವೇ ಅವು. ತಿಂಗಳಿಗೆರಡು ಅಂಶಗಳಂತೆ ವಿವರಿಸಿದರೂ ಅರ್ಧ ವರ್ಷಕ್ಕೆ ಸಾಮಗ್ರಿಯಾಯಿತು.

ಈ ಸಂಘದವರು ಅನಂತರ ವಹಿಯನ್ನು ಇಟ್ಟರು. ಪತ್ರವೂ ಮತ್ತೆ ಹೊರಟಿತು.

೩. ಹೊಲದಲ್ಲಿ ಕಂಡುಬರುವ ಸಂಗತಿಗಳು

ಎರಡನೆಯ ಮೂಲವು ಹೊಲ ತೋಟಗಳು. ಆಡಳಿತ ಮಂಡಳಿಯವರು ತಿಂಗಳಿಗೊಮ್ಮೆಯಾದರೂ ಬೇರೆ ಬೇರೆ ದಿಕ್ಕಿನ ನಾಲ್ಕು ಹೊಲಗಳನ್ನು ಸುತ್ತಿ ಬರಬೇಕು. ಹಿಂದೆ ಕಾಣದ ಹುಳು, ಕಳೆ ಅಥವಾ ರೋಗ ಕಂಡುಬಂದರೆ ಅದು ಪತ್ರದ ಮೊದಲನೆಯ ಪುಟಕ್ಕೆ ಸಲ್ಲತಕ್ಕ ವಿಷಯ. ೨೦೧೮ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿಯೇ ಮೊದಲ ಬಾರಿಗೆ ಶಿವಮೊಗ್ಗದ ಪ್ರಾಂತದಲ್ಲಿ ಮುಸುಕಿನ ಜೋಳದ ಮೇಲೆ ಅಮೆರಿಕಾ ಮೂಲದ ಸೈನಿಕ ಹುಳು ಕಂಡುಬಂದಿತು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ 'ವೈ' ಅಕ್ಷರದಂತಹ ಗುರುತು, ಬಾಲದ ಕಡೆಯಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆಗಳು, ಸುಳಿಯೊಳಗೆ ಗರಗಸದ ಹೊಟ್ಟಿನಂತಹ ಹಿಕ್ಕೆ, ಇವುಗಳಿಂದ ಅದನ್ನು ಗುರುತಿಸಬಹುದು. ಹುಳು ಬಲಿತು ಸುಳಿಯ ಆಳಕ್ಕೆ ಇಳಿದ ಮೇಲೆ ಔಷಧವು ತಗಲುವುದು ಕಷ್ಟ. ಮರಿಯಾಗಿರುವಾಗಲೇ ಕಂಡುಹಿಡಿದರೆ ಪೈರನ್ನು ಉಳಿಸಿಕೊಳ್ಳಬಹುದು. ಇಂಥ ವಿಷಯದಲ್ಲಿ ಒಂದು ವಾರ ಮುಂಚಿತವಾಗಿ ಬಂದ ಅರ್ಧ ಪುಟವು, ತಡವಾಗಿ ಬಂದ ಹತ್ತು ಪುಟಗಳಿಗಿಂತ ಮೇಲು. ತಿಂಗಳು ತುಂಬುವವರೆಗೆ ಕಾಯದೆ ಬೇರೆ ಹಾಳೆಯನ್ನೇ ಕಳುಹಿಸಿದರೂ ತಪ್ಪಿಲ್ಲ.

೪. ಮಳೆಗಳ ಪಟ್ಟಿ

ಮೂರನೆಯದು ಪಂಚಾಂಗ. ನಮ್ಮ ರೈತರು ಬೇಸಾಯವನ್ನು ಇಂಗ್ಲಿಷ್ ತಿಂಗಳುಗಳಿಗಿಂತ ಮಳೆಯ ನಕ್ಷತ್ರಗಳಿಂದಲೇ ಅಳೆಯುವರು. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನಗಳ ಅವಧಿಯುಂಟು. ವರ್ಷದ ಆರಂಭದಲ್ಲಿಯೇ ಒಂದು ದೊಡ್ಡ ಹಾಳೆಯಲ್ಲಿ ಭರಣಿಯಿಂದ ಸ್ವಾತಿಯವರೆಗೆ ಮಳೆಗಳ ಹೆಸರುಗಳನ್ನು ಬರೆದು, ಪ್ರತಿಯೊಂದರ ಎದುರಿಗೆ ಆ ಸೀಮೆಯ ಕೆಲಸವನ್ನು ಗುರುತಿಸಿದರೆ ವರ್ಷದ ಅರ್ಧ ವಿಷಯಗಳು ತಾವಾಗಿಯೇ ಒದಗುವುವು.

ಮಲೆನಾಡಿನ ಅಡಿಕೆ ತೋಟಗಳನ್ನು ತೆಗೆದುಕೊಳ್ಳೋಣ. ಕೊಳೆರೋಗಕ್ಕೆ ಮೊದಲನೆಯ ಸಿಂಪರಣೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆ ಆಗಬೇಕು. ಎಂದರೆ ಮೇ ೨೫ರ ಸುಮಾರಿಗೆ ಹುಟ್ಟುವ ರೋಹಿಣಿ ಮಳೆಯಲ್ಲಿ. ಎರಡನೆಯದು ಅದಾದ ೪೦-೪೫ ದಿನಗಳಿಗೆ. ಹಾಗಾದರೆ ಬೋರ್ಡೋ ದ್ರಾವಣವನ್ನು ಕುರಿತ ಲೇಖನವು ಕೃತ್ತಿಕೆಯಲ್ಲಿಯೇ ಸದಸ್ಯರ ಕೈ ಸೇರಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಪ್ರಮಾಣವನ್ನೂ, ಅಂದು ಕಲಸಿದುದನ್ನು ಅಂದೇ ಮುಗಿಸಬೇಕೆಂಬುದನ್ನೂ, ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ತೆಗೆದಾಗ ತಾಮ್ರದ ಕೆಂಬಣ್ಣ ಕಂಡರೆ ಇನ್ನಷ್ಟು ಸುಣ್ಣವನ್ನು ಸೇರಿಸಬೇಕೆಂಬುದನ್ನೂ ಪ್ರತಿವರ್ಷವೂ ಬರೆಯಬಹುದು. ಹೋದ ವರ್ಷ ಬರೆದುದನ್ನೇ ಮತ್ತೆ ಬರೆಯುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ರೋಗವು ಮತ್ತೆ ಬರುವಾಗ ಎಚ್ಚರಿಕೆಯೂ ಮತ್ತೆ ಬರಬೇಕಷ್ಟೆ.

ಹೀಗೆಯೇ ರಾಗಿಯ ಸೀಮೆಯಲ್ಲಿ ಜೂನ್ ೨೨ರ ಸುಮಾರಿಗೆ ಹುಟ್ಟುವ ಆರಿದ್ರೆಗೆ ಮುಂಚೆ ಬೀಜದ ವಿಷಯ. ಉತ್ತರದ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಕಡಲೆಗಳಿಗೆ ಉತ್ತರೆ ಹಸ್ತಗಳಿಗೆ ಮುಂಚೆ ತೇವವನ್ನು ಕಾಪಾಡುವ ವಿಷಯ. ಕೆಲಸಕ್ಕೆ ಒಂದು ಮಳೆ ಮುಂಚಿತವಾಗಿ ಪತ್ರವು ಮುಟ್ಟಬೇಕೆಂಬುದನ್ನು ನಿಯಮವಾಗಿ ಇಟ್ಟುಕೊಳ್ಳತಕ್ಕದ್ದು.

೫. ಸಂಘದ ಕಡತಗಳು

ದಾಸ್ತಾನು ವಹಿಯಲ್ಲಿಯೂ ವಿಷಯಗಳು ಅಡಗಿರುವುವು. ಯಾವ ಬೀಜವು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿ ಖರ್ಚಾಯಿತು, ಯಾವುದು ಉಳಿಯಿತು, ಮಾರಾಟಕ್ಕೆ ಬಂದ ಹುಟ್ಟುವಳಿಯಲ್ಲಿ ಎಷ್ಟು ಚೀಲಗಳು ತೇವದಿಂದಲೋ ಕಲ್ಲುಮಣ್ಣಿನಿಂದಲೋ ಕಡಮೆ ಬೆಲೆಗೆ ಹೋದುವು, ಎಂಬಿವುಗಳನ್ನು ಯಾರ ಹೆಸರನ್ನೂ ಹೇಳದೆ ಅಂಕಿಗಳೊಡನೆ ತಿಳಿಸಿದರೆ ಸದಸ್ಯರು ಆಸಕ್ತಿಯಿಂದ ಓದುವರು. ತಮ್ಮ ಸಂಘದ ಅಂಕಿಗಳು ಬೇರೆ ಯಾವ ಪುಸ್ತಕದಲ್ಲಿಯೂ ಸಿಕ್ಕುವುದಿಲ್ಲ.

೬. ಅನುಭವಸ್ಥರ ಮಾತು

ಪ್ರತಿ ಗ್ರಾಮದಲ್ಲಿಯೂ ಒಂದೊಂದು ಕೆಲಸದಲ್ಲಿ ನುರಿತವರು ಇರುವರು. ೧೯೮೮ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ'ಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟು, ಅವರ ಅನುಭವಗಳಿಂದಲೇ ತನ್ನ ಪುಟಗಳನ್ನು ತುಂಬಿ ಹೆಸರುವಾಸಿಯಾಯಿತು. ಎಲ್ಲರೂ ಬರೆಯಲಾರರು, ಆದರೆ ಕೇಳಿದರೆ ಹೇಳಬಲ್ಲರು. "ಯಜಮಾನರೇ, ನಿಮ್ಮ ಬೇಸಾಯ ಹೇಗೆ?" ಎಂದು ಕೇಳಿದರೆ "ಏನೋ ನಡೆಯುತ್ತದೆ" ಎಂಬ ಉತ್ತರವೇ ಬರುವುದು. "ಹೋದ ವರ್ಷ ಮಳೆ ಕೈಕೊಟ್ಟಾಗ ನಿಮ್ಮ ರಾಗಿ ಒಣಗಲಿಲ್ಲ, ಯಾವ ದಿನ ಕುಂಟೆ ಹೊಡೆದಿರಿ?" ಎಂದು ಕೇಳಿದರೆ ಒಂದು ಲೇಖನಕ್ಕೆ ಬೇಕಾದಷ್ಟು ಸಂಗತಿಯು ದೊರೆಯುವುದು. ಜಮೀನಿನ ಬಗೆ, ಬಿತ್ತಿದ ದಿನ, ಹಾಕಿದ ಗೊಬ್ಬರ, ಆದ ಖರ್ಚು, ಬಂದ ಹುಟ್ಟುವಳಿ, ಇವಿಷ್ಟನ್ನು ತಪ್ಪದೆ ಬರೆದುಕೊಳ್ಳಬೇಕು. ಮನೆಯ ಹೆಂಗಸರನ್ನು ಕೇಳುವುದನ್ನು ಮರೆಯಬಾರದು. ಬೀಜವನ್ನು ಹುಳು ಹಿಡಿಯದಂತೆ ಇಡುವುದೂ ದನಕರುಗಳ ಆರೈಕೆಯೂ ಬಹಳ ಮಟ್ಟಿಗೆ ಅವರ ಕೈಯಲ್ಲಿಯೇ ಇರುವುವು.

೭. ಬಿಡತಕ್ಕ ವಿಷಯಗಳು

(೧) ಪರೀಕ್ಷಿಸದ ಸುದ್ದಿಯನ್ನು ಹಾಕಕೂಡದು. ಔಷಧದ ಪ್ರಮಾಣವನ್ನು ಮುದ್ರಿಸುವ ಮುಂಚೆ ಕೃಷಿ ವಿಜ್ಞಾನ ಕೇಂದ್ರದವರನ್ನೋ ರೈತ ಸಂಪರ್ಕ ಕೇಂದ್ರದವರನ್ನೋ ಕೇಳಿ ಖಚಿತಪಡಿಸಿಕೊಳ್ಳಬೇಕು. ಒಂದು ಸೊನ್ನೆಯ ತಪ್ಪಿನಿಂದ ಒಂದು ಬೆಳೆಯೇ ಸುಟ್ಟುಹೋಗಬಹುದು.
(೨) ಸಾಲಗಾರರ ಹೆಸರು, ಕುಟುಂಬದ ವ್ಯಾಜ್ಯ, ಊರಿನ ಪಕ್ಷಭೇದ, ಇವುಗಳಿಗೆ ಪತ್ರದಲ್ಲಿ ಎಡೆಯಿಲ್ಲ.
(೩) ಸಂಘದ ಮಾಲನ್ನು ಕುರಿತು ಹೇಳಬೇಕಾದರೆ ಬೆಲೆ, ತೂಕ, ಸತ್ವ, ಬಳಸುವ ಕ್ರಮ ಇಷ್ಟನ್ನು ಹೇಳಿದರೆ ಸಾಕು; ಹೊಗಳಿಕೆ ಬೇಡ.

ಮುಖಂಡರ ಕರ್ತವ್ಯ

ವಹಿಯನ್ನು ಬರೆಯತಕ್ಕವರು ಗುಮಾಸ್ತರಾದರೂ ಅದನ್ನು ಬರೆಯಿಸತಕ್ಕವರು ಮುಖಂಡರು. ಗದಗಿನ ಸಮೀಪದ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಹಕಾರ ಸಂಘವು ಹುಟ್ಟಿದುದು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರೆಂಬ ಗ್ರಾಮ ಮುಖಂಡರ ಪ್ರಯತ್ನದಿಂದಲೇ ಎಂಬುದನ್ನು ವಾಚಕರು ಬಲ್ಲರು. ಬರುವ ಸಭೆಯಲ್ಲಿ ಒಂದು ವಹಿಯನ್ನು ಕೊಳ್ಳುವ ಠರಾವನ್ನು ಮಾಡಿ, ಮಂಡಳಿಯ ಪ್ರತಿಯೊಬ್ಬ ಸದಸ್ಯರೂ ತಮ್ಮ ತಮ್ಮ ಗ್ರಾಮದಿಂದ ತಿಂಗಳಿಗೆ ಎರಡು ಪ್ರಶ್ನೆಗಳನ್ನು ತಂದು ಬರೆಯಿಸತಕ್ಕದ್ದೆಂದು ಗೊತ್ತುಮಾಡಿದರೆ, ಹತ್ತು ಮಂದಿಯ ಮಂಡಳಿಗೆ ತಿಂಗಳಿಗೆ ಇಪ್ಪತ್ತು ವಿಷಯಗಳಾಗುವುವು. ಪತ್ರಕ್ಕೆ ಬೇಕಾದುದು ಮೂರೋ ನಾಲ್ಕೋ. ಮಿಕ್ಕವುಗಳಿಗೆ ಸಂಘದಲ್ಲಿ ಉತ್ತರ ದೊರೆಯದಿದ್ದರೆ ಇಲಾಖೆಯ ಸ್ಥಳೀಯ ಕಚೇರಿಗೆ ಬರೆದು ಕಳುಹಿಸಬಹುದು.