ಈಥರ್ನೆಟ್ ಸಂಪರ್ಕ ದೋಷಪತ್ತೆ ಮತ್ತು ಜಾಲ ರಕ್ಷಣೆ

ಈಥರ್ನೆಟ್ ಸಂಪರ್ಕ ದೋಷಪತ್ತೆ ಎಂದರೆ ಎರಡು ಜಾಲ ಸಾಧನಗಳ ನಡುವಿನ ಈಥರ್ನೆಟ್ ಸಂಪರ್ಕವು ಕಡಿದುಹೋದುದನ್ನು ಅಥವಾ ಹದಗೆಟ್ಟುದನ್ನು ಆ ಸಾಧನಗಳೇ ಗುರುತಿಸುವ ವ್ಯವಸ್ಥೆ. ದೋಷ ಪತ್ತೆಯಾದ ಮಾತ್ರಕ್ಕೆ ಜಾಲವು ಚೇತರಿಸಿಕೊಳ್ಳುವುದಿಲ್ಲ. ಬದಲಿ ಮಾರ್ಗವನ್ನು ಆರಿಸುವ ಪ್ರೋಟೊಕಾಲ್‌ಗೆ ಆ ಸುದ್ದಿ ಮುಟ್ಟಬೇಕು.

ಸಮಸ್ಯೆಯ ಸ್ವರೂಪ

ಒಂದು ಕಚೇರಿಯ ರೂಟರ್ ಸೇವಾದಾತನ ಮೊದಲ ಸ್ವಿಚ್‌ಗೆ ಜೋಡಣೆಯಾಗಿದೆ ಎಂದುಕೊಳ್ಳೋಣ. ಆ ಸ್ವಿಚ್‌ನಿಂದ ಮುಂದಕ್ಕೆ ಹೋಗುವ ಫೈಬರ್ ತುಂಡಾದರೂ ರೂಟರ್‌ನ ಕೇಬಲ್ ಸುಸ್ಥಿತಿಯಲ್ಲಿಯೇ ಇರುತ್ತದೆ, ಪೋರ್ಟಿನ ಹಸಿರು ದೀಪವೂ ಉರಿಯುತ್ತಿರುತ್ತದೆ. ರೂಟರ್ ಓಎಸ್‌ಪಿಎಫ್ ಬಳಸುತ್ತಿದ್ದರೆ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಸಂದೇಶ ಕಳುಹಿಸುತ್ತದೆ. 40 ಸೆಕೆಂಡುಗಳ ಕಾಲ ಉತ್ತರವಿಲ್ಲದಿದ್ದರೆ ಮಾತ್ರ ನೆರೆಯ ರೂಟರ್ ಇಲ್ಲವೆಂದು ತೀರ್ಮಾನಿಸುತ್ತದೆ. ಅಷ್ಟೂ ಹೊತ್ತು ಕಳುಹಿಸಿದ ದತ್ತಾಂಶವೆಲ್ಲ ವ್ಯರ್ಥ. ಎರಡನೆಯ ಮಾರ್ಗವು ಸಿದ್ಧವಿದ್ದರೂ ಬಳಕೆಗೆ ಬರುವುದಿಲ್ಲ.

ಫೈಬರ್ ಜೋಡಿಯ ಒಂದು ಎಳೆ ಮಾತ್ರ ತುಂಡಾದಾಗ ಅಪಾಯ ಬೇರೆ ಬಗೆಯದು. ದೂರದ ದೋಷವನ್ನು ತಿಳಿಸುವ ವ್ಯವಸ್ಥೆ ಇಲ್ಲದಿದ್ದರೆ ಕಳುಹಿಸುವ ತುದಿಗೆ ಏನೂ ತಿಳಿಯುವುದಿಲ್ಲ. ಸ್ಪ್ಯಾನಿಂಗ್ ಟ್ರೀ ಪ್ರೋಟೊಕಾಲ್ ತಡೆಹಿಡಿದಿದ್ದ ಪೋರ್ಟ್, ಆಚೆಯಿಂದ ಸಂದೇಶ ಬಾರದ ಕಾರಣ ತಾನಾಗಿಯೇ ತೆರೆದುಕೊಂಡು, ಫ್ರೇಮ್‌ಗಳು ಜಾಲದಲ್ಲಿ ಕೊನೆಯಿಲ್ಲದೆ ಸುತ್ತತೊಡಗಬಹುದು.

ಪತ್ತೆಯ ವಿಧಾನಗಳು

2004ರ ಐಇಇಇ 802.3ಎಎಚ್ ಮಾನಕವು ನೇರವಾಗಿ ಜೋಡಣೆಯಾದ ಎರಡು ಸಾಧನಗಳ ನಡುವಿನ ಸಂಪರ್ಕವನ್ನು ಗಮನಿಸುತ್ತದೆ. ವಿದ್ಯುತ್ ಕಡಿತವಾಗಿ ಆರಿಹೋಗುವ ಸಾಧನವು ಕೊನೆಯ ಕ್ಷಣದಲ್ಲಿ ಎದುರು ತುದಿಗೆ ಸುದ್ದಿ ಕಳುಹಿಸುವ ಸೌಲಭ್ಯವೂ ಇದರಲ್ಲಿದೆ. ಅನೇಕ ಸ್ವಿಚ್‌ಗಳನ್ನು ದಾಟುವ ಮಾರ್ಗಕ್ಕಾಗಿ 2007ರಲ್ಲಿ 802.1ಎಜಿ ಬಂದಿತು. ಇದರಲ್ಲಿ ಎರಡೂ ತುದಿಗಳು ನಿಗದಿತ ಅಂತರದಲ್ಲಿ ಸಂದೇಶ ಕಳುಹಿಸುತ್ತವೆ. ಅಂತರದ ಮೂರೂವರೆ ಪಟ್ಟು ಕಾಲ ಸಂದೇಶ ಬಾರದಿದ್ದರೆ ಮಾರ್ಗವು ಕಡಿದಿದೆ ಎಂದರ್ಥ. ಅಂತರವನ್ನು 3.33 ಮಿಲಿಸೆಕೆಂಡಿಗೆ ಇಳಿಸಿದರೆ ದೋಷವು ಸುಮಾರು 12 ಮಿಲಿಸೆಕೆಂಡುಗಳಲ್ಲಿ ತಿಳಿಯುತ್ತದೆ. ಉಂಗುರಾಕಾರದ ಜಾಲಗಳಿಗಾಗಿ ರೂಪಿಸಿದ ಜಿ.8032 ಮಾನಕದ ಗುರಿಯಾದ 50 ಮಿಲಿಸೆಕೆಂಡುಗಳೊಳಗಿನ ಮಾರ್ಗ ಬದಲಾವಣೆಗೆ ಇದು ಅವಕಾಶ ಕೊಡುತ್ತದೆ.

ಜೋಡಣೆ

ಮೇಲಿನ ಉದಾಹರಣೆಯಲ್ಲಿ ಅತಿ ಸರಳ ಪರಿಹಾರವೆಂದರೆ, ಮುಂದಿನ ಸಂಪರ್ಕ ಕಡಿದೊಡನೆ ಸ್ವಿಚ್ ತನ್ನ ರೂಟರ್ ಕಡೆಯ ಪೋರ್ಟನ್ನೂ ಮುಚ್ಚುವುದು. ರೂಟರ್ ಕೂಡಲೇ ಬದಲಿ ಮಾರ್ಗಕ್ಕೆ ಹೊರಳುತ್ತದೆ. ಆದರೆ ಅದೇ ಪೋರ್ಟಿನಲ್ಲಿ ಇತರ ಮಾರ್ಗಗಳ ಸೇವೆಗಳೂ ಹರಿಯುತ್ತಿದ್ದರೆ ಅವೂ ಕಡಿದುಹೋಗುತ್ತವೆ. ಅಂಥಲ್ಲಿ ಪೋರ್ಟನ್ನು ಮುಚ್ಚದೆ, ಬಾಧಿತ ಸೇವೆಗೆ ಮಾತ್ರ ವೈ.1731 ಮಾನಕದ ಎಚ್ಚರಿಕೆ ಸಂಕೇತವನ್ನು ಕಳುಹಿಸುವುದು ಲೇಸು. ಅದನ್ನು ಗ್ರಹಿಸಿ ಮಾರ್ಗ ಬದಲಿಸುವ ಸಾಮರ್ಥ್ಯ ರೂಟರ್‌ಗೆ ಇರಬೇಕಷ್ಟೆ. ರೂಟರ್‌ಗಳು ತಾವೇ ಪರಸ್ಪರ ಪರೀಕ್ಷಿಸಿಕೊಳ್ಳಲು 2010ರಲ್ಲಿ ಮಾನಕವಾದ ಬಿಎಫ್‌ಡಿ ಪ್ರೋಟೊಕಾಲನ್ನೂ ಬಳಸಬಹುದು.

ಅತಿವೇಗವೂ ತೊಡಕೇ. ಪದೇ ಪದೇ ಕಡಿದು ಕೂಡುವ ಸಂಪರ್ಕವು ಪ್ರತಿ ಬಾರಿಯೂ ಮಾರ್ಗ ಬದಲಾವಣೆಗೆ ಕಾರಣವಾದರೆ ಜಾಲವೇ ಅಸ್ಥಿರವಾಗುತ್ತದೆ. ಆದ್ದರಿಂದ ಜಿ.8032ರಲ್ಲಿ ದೋಷ ನಿವಾರಣೆಯಾದ ಬಳಿಕ ಹಳೆಯ ಮಾರ್ಗಕ್ಕೆ ಮರಳುವ ಮುನ್ನ, ಪೂರ್ವನಿಯೋಜಿತವಾಗಿ, 5 ನಿಮಿಷ ಕಾಯಲಾಗುತ್ತದೆ.