ಟೆಸ್ಟೋಸ್ಟೆರಾನ್ ಅಂದ್ರೆ ಗಂಡಸುತನ: ಈ ಅರ್ಧಸತ್ಯಕ್ಕೆ ಬೆಲೆ ತೆರುವವರು ಯಾರು?

ಟೆಸ್ಟೋಸ್ಟೆರಾನ್ ಗಂಡಸರದ್ದು, ಹೆಚ್ಚಿದ್ದಷ್ಟೂ ಒಳ್ಳೇದು. ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಹೆಂಗಸರದ್ದು. ರೀಲ್ಸ್‌ನಿಂದ ಜಿಮ್‌ವರೆಗೆ ಓಡಾಡುವ ಈ ಮಾತಿನ ಮೇಲೆ ದೊಡ್ಡ ವ್ಯಾಪಾರವೇ ನಿಂತಿದೆ. ಆದರೆ ನಮ್ಮ ದೇಹ ಈ ಹಂಚಿಕೆಯನ್ನು ಒಪ್ಪುವುದಿಲ್ಲ.

ವೀರ್ಯಾಣುವನ್ನೇ ನೋಡಿ. ಅದರ ಡಿಎನ್ಎ ಬಿಗಿಯಾಗಿ ಸುತ್ತಿಟ್ಟಂತಿರುತ್ತದೆ, ಹೊಸ ಜೀನ್‌ಗಳನ್ನು ಚಾಲೂ ಮಾಡೋಕೆ ಆಗಲ್ಲ. ಹಾಗಾಗಿ ಹಾರ್ಮೋನಿನ ಸಂದೇಶ ಹೊರಪೊರೆಯಲ್ಲೇ ಕೆಲಸ ಮಾಡಬೇಕು. ಅಂಡಾಣುವಿನ ಸುತ್ತಲಿನ ಕೋಶಗಳು ಪ್ರೊಜೆಸ್ಟೆರಾನ್ ಬಿಡುಗಡೆ ಮಾಡುತ್ತವೆ. ಅದು ತಾಗಿದ ಕೂಡಲೇ ವೀರ್ಯಾಣುವಿನ ಬಾಲದಲ್ಲಿರುವ ‘ಕ್ಯಾಟ್‌ಸ್ಪರ್’ ಎಂಬ ದ್ವಾರ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಬಾಲದ ಬಡಿತ ಜೋರಾಗುತ್ತದೆ. 2011ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಇದನ್ನು ತೋರಿಸಿದವು. ಅಂದರೆ, ವೀರ್ಯಾಣುವಿಗೆ ಕೊನೇ ಹಂತದಲ್ಲಿ ಬಲ ಕೊಡುವುದು ‘ಹೆಂಗಸರ ಹಾರ್ಮೋನು’!

ಹಾಗಾದರೆ ಟೆಸ್ಟೋಸ್ಟೆರಾನ್ ಬೇಡವೇ? ಖಂಡಿತ ಬೇಕು. ಆದರೆ ಅದು ವೃಷಣದ ಒಳಗೇ ತಯಾರಾಗಬೇಕು. ಅಲ್ಲಿನ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹೊರಗಿನಿಂದ ಇಂಜೆಕ್ಷನ್ ತಗೊಂಡರೆ ಮೆದುಳು ‘ಸಾಕಷ್ಟಿದೆ’ ಅಂದುಕೊಂಡು ಪಿಟ್ಯುಟರಿ ಗ್ರಂಥಿಯ ಆದೇಶ ನಿಲ್ಲಿಸುತ್ತದೆ. ಆಗ ವೃಷಣದ ಒಳಗಿನ ಉತ್ಪಾದನೆ ಕುಸಿದು, ವೀರ್ಯಾಣುಗಳೂ ಕಡಿಮೆಯಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೊಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೆಚ್ಚಿನವರ ವೀರ್ಯಾಣು ಸಂಖ್ಯೆ ಸೊನ್ನೆಗಿಳಿದಿತ್ತು. ಜಿಮ್‌ಗಳಲ್ಲಿ ‘ಪವರ್’ ಹೆಸರಲ್ಲಿ ಚುಚ್ಚಿಸಿಕೊಳ್ಳುವುದು ಇದೇ ಜಾತಿಯ ಔಷಧಿ.

ಇನ್ನು ಪ್ರಾಸ್ಟೇಟ್. ಇಲ್ಲಿ ಟೆಸ್ಟೋಸ್ಟೆರಾನ್ ಕೋಶದ ಒಳಹೊಕ್ಕು, ಗ್ರಾಹಕವನ್ನು ಹಿಡಿದು, ನ್ಯೂಕ್ಲಿಯಸ್‌ನಲ್ಲಿ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕ್ಯಾನ್ಸರ್ ಕೋಶ ಬೆಳೆಯಲು ಬಳಸಿಕೊಳ್ಳುವುದು ಇದೇ ದಾರಿಯನ್ನು. ಟೆಸ್ಟೋಸ್ಟೆರಾನ್ ಇದ್ದರೆ ಕ್ಯಾನ್ಸರ್ ಬಂದೇ ಬರುತ್ತೆ ಅಂತಲ್ಲ. ಬಂದ ಕ್ಯಾನ್ಸರಿಗೆ ಅದೇ ಮೇವು. 1941ರಲ್ಲಿ ಶಿಕಾಗೊದ ವೈದ್ಯ ಚಾರ್ಲ್ಸ್ ಹಗಿನ್ಸ್, ವೃಷಣ ತೆಗೆದರೆ ಅಥವಾ ಈಸ್ಟ್ರೊಜೆನ್ ಕೊಟ್ಟರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂದು ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಕ್ಯಾನ್ಸರ್ ಕೋಶವೂ ಚಾಲಾಕಿ: ಪೂರೈಕೆ ನಿಂತಾಗ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಹಾರ್ಮೋನನ್ನು ತಾನೇ ತಯಾರಿಸಿಕೊಳ್ಳಲೂ ಕಲಿಯುತ್ತದೆ. ಆ ತಯಾರಿಕೆಯನ್ನೇ ತಡೆಯುವ ಅಬಿರಾಟೆರಾನ್ ಎಂಬ ಮಾತ್ರೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು.

ಹಾರ್ಮೋನು ಒಂದು ಸಂದೇಶ ಅಷ್ಟೇ. ಅದರ ಅರ್ಥ ಯಾವ ಕೋಶ ಓದುತ್ತಿದೆ ಎಂಬುದರ ಮೇಲೆ ನಿಂತಿದೆ. ಅದಕ್ಕೆ ಗಂಡು–ಹೆಣ್ಣಿನ ಲೇಬಲ್ ಹಚ್ಚಿ, ಗಂಡಸುತನದ ಅಳತೆಗೋಲು ಮಾಡಿದ್ದು ನಾವು. ಮಕ್ಕಳಾಗದಿದ್ದರೆ ಮೊದಲು ಸೊಸೆಯನ್ನೇ ಆಸ್ಪತ್ರೆಗೆ ಅಲೆಸುವುದು, ಮೂತ್ರದ ತೊಂದರೆ ಹೇಳಿಕೊಳ್ಳಲು ಅಪ್ಪಂದಿರು ನಾಚುವುದು, ಇಪ್ಪತ್ತರ ಹುಡುಗರು ಡಾಕ್ಟರ್ ಚೀಟಿಯಿಲ್ಲದೆ ಚುಚ್ಚಿಸಿಕೊಳ್ಳುವುದು, ಎಲ್ಲವೂ ಅದೇ ಅಳತೆಗೋಲಿನ ಫಲ. ವೀರ್ಯ ಪರೀಕ್ಷೆ ಒಂದು ಸರಳ ಲ್ಯಾಬ್ ಟೆಸ್ಟ್. ಅದನ್ನು ಗಂಡಸರು ಮೊದಲು ಮಾಡಿಸಿಕೊಂಡರೆ ಯಾರ ಮರ್ಯಾದೆಯೂ ಹೋಗಲ್ಲ.