ಹಳೆಯ ಪೆಟ್ಟಿಗೆಗೆ ಹೊಸ ಬಿಜಾಗರಿ

ನಮ್ಮ ಕಾಸರಗೋಡಿನ ಕಡೆಯ ಹಳೆಯ ಮನೆಗಳಲ್ಲಿ ಮರದ ಪೆಟ್ಟಿಗೆಯೊಂದು ಇಲ್ಲದಿರುವುದು ಅಪರೂಪ. ಹಲಸಿನದೋ ತೇಗದ್ದೋ ಬೀಟೆಯದೋ ಆದ ಅದರ ಮರವು ಬಹುಮಟ್ಟಿಗೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಮೊದಲು ಸೋಲುವುದು ಲೋಹ. ಬಿಜಾಗರಿ ಮುರಿದಿರುತ್ತದೆ, ಚಿಲಕ ಕಳಚಿರುತ್ತದೆ, ಎರಡು ಹಿಡಿಗಳಲ್ಲಿ ಒಂದು ಕಾಣೆಯಾಗಿರುತ್ತದೆ. ಆಗ ಪೇಟೆಗೆ ಹೋಗಿ ಹೊಳೆಯುವ ಸಾಮಾನನ್ನು ಕೊಂಡು ತಂದು ಬಡಗಿಯ ಕೈಗೆ ಕೊಡುವುದೇ ರೂಢಿಯಾಗಿದೆ. ಪೆಟ್ಟಿಗೆಗೆ ನಿಜವಾದ ಹಾನಿಯಾಗುವುದು ಅನೇಕ ವೇಳೆ ಆ ದಿನವೇ.

ನಮ್ಮ ಮನೆಯಲ್ಲಿಯೇ ಹೀಗಾಯಿತು. ಅಜ್ಜಿಯ ಹಲಸಿನ ಪೆಟ್ಟಿಗೆಗೆ ನಾನೇ ಮುಂದೆ ನಿಂತು ಹಿತ್ತಾಳೆಯ ಬಿಜಾಗರಿ ಹಾಕಿಸಿದೆ. ಹಿತ್ತಾಳೆಯ ತಿರುಪುಮೊಳೆಗೆ ಬೆಲೆ ಹೆಚ್ಚೆಂದು ಕಬ್ಬಿಣದ್ದನ್ನೇ ಬಳಸಿದೆವು. ಮೂರನೆಯ ಮಳೆಗಾಲ ಕಳೆಯುವಷ್ಟರಲ್ಲಿ ಮೊಳೆಗಳ ತಲೆಗಳು ತುಕ್ಕು ತಿಂದು ಉದುರಿದುವು; ಮುಚ್ಚಳವು ತೆರೆದವರ ಕೈಗೇ ಬಂದಿತು. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡಿದ್ದು, ನಡುವೆ ಉಪ್ಪಿನ ತೇವವಿದ್ದರೆ, ಅಲ್ಲಿ ಪುಟ್ಟದೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ಹಿತ್ತಾಳೆ ಕಬ್ಬಿಣಗಳ ಜೊತೆಯಲ್ಲಿ ಸವೆಯುವುದು ಕಬ್ಬಿಣ. ವೋಲ್ಟನ ಕೋಶವನ್ನು ಮಕ್ಕಳಿಗೆ ಪಾಠ ಹೇಳಿದ ನಾನು, ಅದು ಮನೆಯ ಪೆಟ್ಟಿಗೆಯಲ್ಲಿಯೂ ಇದ್ದೀತೆಂದು ಎಣಿಸಿರಲಿಲ್ಲ! ಆದುದರಿಂದ ಹಿತ್ತಾಳೆಗೆ ಹಿತ್ತಾಳೆಯ ಮೊಳೆ, ಕಬ್ಬಿಣಕ್ಕೆ ಕಬ್ಬಿಣದ ಮೊಳೆ.

ಪೇಟೆಯಲ್ಲಿ ಹಿತ್ತಾಳೆಯಂತೆ ಕಾಣುವುದೆಲ್ಲ ಹಿತ್ತಾಳೆಯಲ್ಲ. ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಲೇಪ ಕೊಟ್ಟ ಉಕ್ಕು. ಅಂಟದಿದ್ದರೂ ಕಾಣದ ಬದಿಯಲ್ಲಿ ಅರದಿಂದ ಒಂದು ಗೀರು ಎಳೆದು ನೋಡಬೇಕು. ಒಳಗೆ ಬಿಳಿಯಾಗಿದ್ದರೆ ಅದು ಹಿತ್ತಾಳೆಯಲ್ಲ.

ಕೊಳ್ಳುವ ಮೊದಲು ಪೆಟ್ಟಿಗೆಯನ್ನೇ ಕೇಳಬೇಕು. ಹಳೆಯ ಬಿಜಾಗರಿ ಕುಳಿತಿದ್ದ ಕಚ್ಚು, ಹಿಡಿಯ ಕೆಳಗೆ ಬಣ್ಣ ಮಾಸದೆ ಉಳಿದ ನೆರಳು, ಬೆಣೆ ಹೊಡೆದು ಮುಚ್ಚಿದ ತೂತು, ಇವು ಮೊದಲು ಅಲ್ಲಿ ಏನಿತ್ತೆಂಬುದನ್ನು ಸ್ಪಷ್ಟವಾಗಿ ಹೇಳುತ್ತವೆ. ಹಿಡಿಯಾದರೆ ಎರಡು ತೂತುಗಳ ನಡುವಿನ ಅಂತರವನ್ನು ಅಳೆಯಿರಿ. ಹಳೆಯವು ಅನೇಕವು ಅಂಗುಲದ ಲೆಕ್ಕದವು. ಈಗ ಅಂಗಡಿಯಲ್ಲಿ ಸಿಗುವವು ಬಹುತೇಕ 64, 96, 128 ಮಿಲಿಮೀಟರುಗಳವು. ಮೂರಂಗುಲವೆಂದರೆ 76 ಮಿಲಿಮೀಟರು. ಹೊಂದದಿದ್ದರೆ ಬೇರೆ ತೂತು ಕೊರೆಯಿರಿ ಎಂದು ಅಂಗಡಿಯವನು ಸುಲಭವಾಗಿ ಹೇಳಿಬಿಡುತ್ತಾನೆ. ಅವನ ಮಾತನ್ನು ಕೇಳಬಾರದು. ಲೋಹವನ್ನು ಮತ್ತೆ ಹುಡುಕಬಹುದು. ಕೊರೆದ ಮರವು ಮತ್ತೆ ಬಾರದು.

ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ಗೀರುಳ್ಳ ತಿರುಪುಮೊಳೆಯು ಬಳಕೆಗೆ ಬಂದುದು 1930ರ ದಶಕದಲ್ಲಿ. ಮೊನೆ ಚೂಪಾದ ತಿರುಪುಮೊಳೆಯಾದರೂ ಯಂತ್ರದಿಂದ ಹೇರಳವಾಗಿ ತಯಾರಾದುದು ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ. ಆದುದರಿಂದ ಮುತ್ತಜ್ಜನ ಪೆಟ್ಟಿಗೆಗೆ ಒಂದೇ ಗೀರಿನ ಮೊಳೆಯೇ ತಕ್ಕದ್ದು.

ಜೋಡಿಯಲ್ಲಿ ಒಂದು ಉಳಿದಿದ್ದರೆ ಅದೃಷ್ಟವೆನ್ನಬೇಕು. ತಲಶ್ಶೇರಿಯ ಬಳಿಯ ನೆಟ್ಟೂರಿನ ಹೆಸರಿನಿಂದ ಪ್ರಸಿದ್ಧವಾದ, ದೇವಾಲಯದ ಮಾಡಿನಂಥ ಮುಚ್ಚಳವುಳ್ಳ ಆಭರಣದ ಪೆಟ್ಟಿಗೆಗಳನ್ನು ನೋಡಿದವರಿಗೆ ಗೊತ್ತು: ಅವುಗಳ ಅಂದವೆಲ್ಲ ಹಿತ್ತಾಳೆಯ ಪಟ್ಟಿಗಳಲ್ಲಿ, ಕೊಂಡಿಗಳಲ್ಲಿ ಇದೆ. ಅಂಥದು ಅಂಗಡಿಯಲ್ಲಿ ಸಿಗುವುದು ಕಷ್ಟ. ಉಳಿದ ಒಂದನ್ನು ಎರಕದ ಕೆಲಸ ಬಲ್ಲ ಕಂಚುಗಾರನಿಗೆ ಕೊಟ್ಟರೆ ಅವನು ಮರಳಿನಲ್ಲಿ ಅಚ್ಚು ತೆಗೆದು ಇನ್ನೊಂದನ್ನು ಎರೆದು ಕೊಡಬಲ್ಲನು. ಆದರೆ ಕರಗಿದ ಹಿತ್ತಾಳೆಯು ತಣಿಯುವಾಗ ನೂರಕ್ಕೆ ಸುಮಾರು ಒಂದೂವರೆ ಭಾಗ ಕುಗ್ಗುತ್ತದೆ. ನಾಲ್ಕು ಅಂಗುಲದ ಹಿಡಿ ಒಂದೂವರೆ ಮಿಲಿಮೀಟರು ಕಿರಿದಾಗುತ್ತದೆ. ಇದನ್ನು ಅವನೊಡನೆ ಮೊದಲೇ ಮಾತಾಡಿಕೊಳ್ಳಬೇಕು.

ಇನ್ನು ಕೂರಿಸುವ ಕೆಲಸ. ಹಳೆಯ ತೂತು ಸಡಿಲವಾಗಿದೆಯೆಂದು ದಪ್ಪ ಮೊಳೆ ಹಾಕಬಾರದು. ಅದೇ ಜಾತಿಯ ಮರದ ಸೀಳನ್ನು ಅಂಟಿನೊಡನೆ ತುಂಬಿ, ಒಣಗಿದ ಮೇಲೆ ಸಣ್ಣಗೆ ಕೊರೆಯಬೇಕು. ಹಿತ್ತಾಳೆಯ ಮೊಳೆ ಮೆದು. ಬಲವಾಗಿ ತಿರುಗಿಸಿದರೆ ಕುತ್ತಿಗೆಯಲ್ಲಿ ಮುರಿಯುತ್ತದೆ. ಆದುದರಿಂದ ಅದೇ ಅಳತೆಯ ಉಕ್ಕಿನ ಮೊಳೆಯನ್ನು ಮೊದಲು ಹೊಗಿಸಿ ತೆಗೆದು, ಬಳಿಕ ಹಿತ್ತಾಳೆಯದಕ್ಕೆ ಮೇಣ ಸವರಿ ತಿರುಗಿಸಬೇಕು. ಹೊಸತಕ್ಕೆ ಸರಿಯಾಗಲೆಂದು ಹಳೆಯ ಹಿಡಿಯನ್ನು ಉಜ್ಜಿ ಬೆಳಗುವವರಿದ್ದಾರೆ. ಅದು ತಲೆಕೆಳಗಾದ ಕೆಲಸ. ಹೊಸತರ ಮೇಲಿನ ಅರಗೆಣ್ಣೆಯ ಲೇಪವನ್ನು ತೆಗೆದುಬಿಟ್ಟರೆ ನಮ್ಮ ಕಡಲಗಾಳಿಯೇ ಅದನ್ನು ಕ್ರಮೇಣ ಕಂದಿಸುತ್ತದೆ.

ತೆಗೆದ ತುಂಡುಗಳನ್ನು ಗುಜರಿಗೆ ಹಾಕದೆ, ಯಾವ ವರ್ಷ ಯಾವುದನ್ನು ಬದಲಿಸಿದೆವೆಂದು ಚೀಟಿ ಬರೆದು ಪೆಟ್ಟಿಗೆಯೊಳಗೇ ಇಡಬೇಕು. ಅಜ್ಜಿಯ ಪೆಟ್ಟಿಗೆಯಲ್ಲಿ ಈಗ ಅಂಥ ಚೀಟಿಯೊಂದಿದೆ. ಅದರ ಜೊತೆಗೆ, ಬಟ್ಟೆಯ ಗಂಟಿನಲ್ಲಿ, ತುಕ್ಕು ತಿಂದ ಆ ಮೊಳೆಯ ತಲೆಗಳೂ ಇವೆ.